ಕ್ರ್ಯಾಂಕಿನೊಳಗಿನ ತಕ್ಕಡಿ

ನಮ್ಮದು ವಿಜಾಪುರದಲ್ಲಿ ಕಾಳುಕಡಿಯ ಅಂಗಡಿ. ಅಜ್ಜ ಇಟ್ಟಿದ್ದು, ಅಬ್ಬಾ ಬೆಳೆಸಿದ್ದು, ಈಗ ನಾವು ಅಣ್ಣತಮ್ಮಂದಿರು ನಡೆಸುತ್ತಿರುವುದು. ಅಬ್ಬಾ ಗಲ್ಲೆಯ ಮೇಲೆ ಕೂಡುತ್ತಿದ್ದ ಕಾಲದಲ್ಲಿ ಬೆಳಗ್ಗೆ ಬಾಗಿಲು ತೆಗೆದೊಡನೆ ಒಂದು ಕೆಲಸ ತಪ್ಪದೆ ಆಗುತ್ತಿತ್ತು. ಬಿಸ್ಮಿಲ್ಲಾ ಹೇಳಿ ತಕ್ಕಡಿಯ ಎರಡೂ ತಟ್ಟೆಗಳನ್ನು ಬಟ್ಟೆಯಿಂದ ಒರೆಸುವುದು, ಬರಿದಾದ ತಟ್ಟೆಗಳು ಸಮವಾಗಿ ನಿಲ್ಲುತ್ತವೆಯೇ ಎಂದು ನೋಡುವುದು, ಆಮೇಲೆ ಒಂದು ಕಿಲೋದ ಕಲ್ಲು ಒಂದು ಕಡೆ, ಅಷ್ಟೇ ತೂಕದ ತೊಗರಿಬೇಳೆ ಇನ್ನೊಂದು ಕಡೆ ಇಟ್ಟು, ಎರಡನ್ನೂ ಅದಲುಬದಲು ಮಾಡಿ ಮತ್ತೆ ತೂಗುವುದು.

ಚಿಕ್ಕವರಿದ್ದಾಗ ನಾವು ಕೇಳಿದ್ದೆವು. ಬರಿ ತಟ್ಟೆ ಸಮ ನಿಂತ ಮೇಲೆ ಅದಲುಬದಲು ಯಾಕೆ? ಅಬ್ಬಾ ದಂಡಿಗೆಯನ್ನು ತೋರಿಸಿ ವಿವರಿಸಿದ್ದರು. ದಂಡಿಗೆಯ ಒಂದು ತೋಳು ಕೂದಲೆಳೆಯಷ್ಟು ಉದ್ದವಿದ್ದರೂ ಬರಿ ತಟ್ಟೆಗಳನ್ನು ಸಮ ನಿಲ್ಲಿಸಿಬಿಡಬಹುದು, ಗಿಡ್ಡ ತೋಳಿನ ಕಡೆಗೆ ಒಂದಿಷ್ಟು ಭಾರ ಅಂಟಿಸಿದರೆ ಆಯಿತು. ಆದರೆ ಕಾಳು ಹಾಕಿದ ಕೂಡಲೇ ಸುಳ್ಳು ಶುರುವಾಗುತ್ತದೆ. ಭಾರ ಹೆಚ್ಚಾದಷ್ಟೂ ಸುಳ್ಳೂ ಹೆಚ್ಚಾಗುತ್ತದೆ. ಖಾಲಿ ಇದ್ದಾಗ ಪ್ರಾಮಾಣಿಕವಾಗಿ ಕಾಣುವ ತಕ್ಕಡಿ ತುಂಬಿದಾಗಲೂ ಹಾಗೇ ಇರುತ್ತದೆಂದು ನಂಬಬಾರದು ಎಂಬುದು ಅವರ ಪಾಠ.

ಈ ಪಾಠ ಮೂವತ್ತು ವರ್ಷಗಳ ನಂತರ ಒಂದು ಸೈಕಲ್ಲಿನ ವಿಷಯದಲ್ಲಿ ನಮ್ಮ ನೆನಪಿಗೆ ಬಂತು.

ನಮ್ಮ ಜಿಲ್ಲೆಗೂ ಸೈಕಲ್ಲಿಗೂ ಇರುವ ನಂಟು ಕನ್ನಡದ ಓದುಗರಿಗೆ ಹೊಸದಲ್ಲ. ವಿಜಾಪುರ, ಬಾಗಲಕೋಟೆ ಸೀಮೆಯ ಎಷ್ಟೋ ಹುಡುಗ ಹುಡುಗಿಯರು ರಾಜ್ಯಕ್ಕಾಗಿ, ದೇಶಕ್ಕಾಗಿ ಸೈಕಲ್ ತುಳಿದಿದ್ದಾರೆ. ನಮ್ಮ ಮನೆಯ ಹುಡುಗನಿಗೂ ಆ ಹುಚ್ಚು ಹಿಡಿಯಿತು. ಫಜರ್ ನಮಾಝ್ ಮುಗಿಸಿ ಹೊರಟರೆ ಬಿಸಿಲೇರುವ ಹೊತ್ತಿಗೆ ಎಂಬತ್ತು ತೊಂಬತ್ತು ಕಿಲೋಮೀಟರ್ ತುಳಿದು ಬರುತ್ತಿದ್ದ. ಒಂದು ದಿನ ಅವನು ಪವರ್ ಮೀಟರ್ ಬೇಕೆಂದು ಕೇಳಿದ. ಬೆಲೆ ಕೇಳಿ ನಾವು ಬೆಚ್ಚಿಬಿದ್ದೆವು. ಒಂದು ಹೊಸ ಸೈಕಲ್ಲಿನ ದುಡ್ಡು! ಆದರೂ ರಮಝಾನಿನ ವ್ಯಾಪಾರ ಚೆನ್ನಾಗಿ ಆದ ವರ್ಷ ಕೊಡಿಸಿದೆವು.

ಅದು ಏನು ಎಂಬುದನ್ನು ಸ್ವಲ್ಪ ಹೇಳಬೇಕು. ಪೆಡಲನ್ನು ಹಿಡಿದಿರುವ ಲೋಹದ ತೋಳಿಗೆ ಕ್ರ್ಯಾಂಕ್ ಎನ್ನುತ್ತಾರೆ. ಕಾಲಿನಿಂದ ಒತ್ತಿದಾಗ ಆ ತೋಳು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಒಳಮೈಗೆ ಸ್ಟ್ರೇನ್ ಗೇಜ್ ಎಂಬ ತೆಳ್ಳಗಿನ ಪಟ್ಟಿಯನ್ನು ಅಂಟಿಸಿರುತ್ತಾರೆ. ತೋಳು ಬಾಗಿದಾಗ ಪಟ್ಟಿಯೂ ಎಳೆದಂತಾಗಿ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯಿಂದ ತಿರುಚುಬಲವನ್ನು, ನಿಮಿಷಕ್ಕೆ ಎಷ್ಟು ಸುತ್ತು ಎಂಬುದರಿಂದ ವೇಗವನ್ನು ತಿಳಿದು, ಎರಡನ್ನೂ ಗುಣಿಸಿ ವಾಟ್‌ಗಳಲ್ಲಿ ಶಕ್ತಿಯನ್ನು ತೋರಿಸುತ್ತದೆ. ನಿಮಿಷಕ್ಕೆ 90 ಸುತ್ತು ತುಳಿಯುವವನು ಸರಾಸರಿ 26.5 ನ್ಯೂಟನ್ ಮೀಟರ್ ತಿರುಚುಬಲ ಹಾಕಿದರೆ 250 ವಾಟ್. ಜರ್ಮನಿಯ ಇಂಜಿನಿಯರ್ ಉಲ್ರಿಚ್ ಶೋಬೆರರ್ 1986ರಲ್ಲಿ ಎಸ್‌ಆರ್‌ಎಂ ಕಂಪೆನಿ ಕಟ್ಟಿ ಇಂಥ ಮಾಪಕಗಳಿಗೆ ದಾರಿ ತೋರಿದ. ಅಮೆರಿಕದ ಗ್ರೆಗ್ ಲೆಮಂಡ್ ಅದನ್ನು ಮೊದಮೊದಲು ಬಳಸಿದ ಹೆಸರಾಂತ ಸವಾರರಲ್ಲಿ ಒಬ್ಬ. ನಮ್ಮ ಕಾಳಿನ ಭಾಷೆಯಲ್ಲಿ ಹೇಳುವುದಾದರೆ, ಅದು ಕ್ರ್ಯಾಂಕಿನೊಳಗೆ ಕೂಡಿಸಿದ ತಕ್ಕಡಿ. ತೂಗುವುದು ಕಾಲಿನ ದುಡಿಮೆಯನ್ನು.

ನಾವು ಕೊಡಿಸಿದ್ದು ಎಡಗಾಲಿನ ಕ್ರ್ಯಾಂಕಿಗೆ ಮಾತ್ರ ಇರುವ ಅಗ್ಗದ ಮಾದರಿ. ಅದು ಎಡಗಾಲನ್ನು ತೂಗಿ, ಬಲಗಾಲೂ ಅಷ್ಟೇ ಎಂದು ಊಹಿಸಿ, ಬಂದ ಲೆಕ್ಕವನ್ನು ಎರಡರಿಂದ ಗುಣಿಸುತ್ತದೆ. ಅರ್ಧ ಚೀಲ ತೂಗಿ ಪೂರ್ತಿ ಚೀಲದ ದುಡ್ಡು ಎಣಿಸಿದಂತೆ. ಆಗ ಇದು ನಮ್ಮ ತಲೆಗೆ ಹೋಗಲಿಲ್ಲ. ಹುಡುಗ ಒಂದು ಗಂಟೆ ಜೀವ ಬಿಟ್ಟು ತುಳಿದು ಬಂದು, ‘273 ವಾಟ್’ ಎಂದ. ಅವನ ತೂಕ 60 ಕಿಲೋ. ಅಂದರೆ ಕಿಲೋಗೆ ನಾಲ್ಕೂವರೆ ವಾಟ್‌ಗೂ ತುಸು ಹೆಚ್ಚು. ಇದು ಒಳ್ಳೆಯ ಅಂಕಿ ಎಂದು ತಿಳಿದವರು ಹೇಳಿದರು. ನಮಗೆ ಹಿಗ್ಗು. ಅಂಗಡಿಗೆ ಬಂದ ಗಿರಾಕಿಗಳ ಮುಂದೂ ‘ನಾಲ್ಕೂವರೆ’ಯ ಸುದ್ದಿ ಹೇಳುತ್ತಿದ್ದೆವು. ಬೇಳೆ ಕೊಳ್ಳಲು ಬಂದವರಿಗೆ ಅದು ಏನು ಅರ್ಥವಾಯಿತೋ! ನಮ್ಮ ಮೊಹಲ್ಲಾದ ಹಿರಿಯ ವ್ಯಾಪಾರಿಯೊಬ್ಬರು ಈ ಅಂಕಿಯನ್ನು ಕೇಳಿಯೇ ಹುಡುಗನಿಗೆ ಒಳ್ಳೆಯ ಚಕ್ರಗಳ ಜೋಡಿ ಕೊಡಿಸಿದರು. ‘ನಮ್ಮ ಹುಡುಗರು ಮುಂದೆ ಬರಬೇಕು’ ಎಂದರು. ನಾವು ಶುಕ್ರಿಯಾ ಹೇಳಿ ತೆಗೆದುಕೊಂಡೆವು.

ಅನುಮಾನ ಹುಟ್ಟಿಸಿದ್ದು 40 ಕಿಲೋಮೀಟರಿನ ಒಂದು ಸ್ಪರ್ಧೆ. ಹುಡುಗನಷ್ಟೇ ತೂಕದ, ಅವನಷ್ಟೇ ವಾಟ್ ತೋರಿಸುವ ಇನ್ನೊಬ್ಬ ಸವಾರ ಇವನಿಗಿಂತ ಸುಮಾರು ಎರಡು ನಿಮಿಷ ಮೊದಲು ಮುಗಿಸಿದ್ದ. ನಾವು ಗಾಳಿಯನ್ನು ಬೈದೆವು, ರಸ್ತೆಯನ್ನು ಬೈದೆವು, ಸೈಕಲ್ ಮೇಲೆ ಕೂಡುವ ಭಂಗಿಯನ್ನು ಬೈದೆವು. ಅಂಕಿಯ ಮೇಲೆ ಮಾತ್ರ ಯಾರಿಗೂ ಸಂಶಯ ಬರಲಿಲ್ಲ. ತರಬೇತುದಾರರು ಮಾತ್ರ ಸುಮ್ಮನೆ ನಕ್ಕು, ಎರಡೂ ಕಾಲನ್ನು ಬೇರೆಬೇರೆಯಾಗಿ ಅಳೆಯುವ ತಮ್ಮ ಪೆಡಲುಗಳನ್ನು ಹುಡುಗನ ಸೈಕಲ್ಲಿಗೆ ಹಾಕಿಕೊಟ್ಟರು. ಒಂದೇ ಸವಾರಿ, ಎರಡು ತಕ್ಕಡಿ. ನಮ್ಮ ಕ್ರ್ಯಾಂಕ್ 273 ಎಂದಾಗ ಅವರ ಪೆಡಲುಗಳು 250 ಎಂದವು. ನೂರರಲ್ಲಿ ಎಡಗಾಲಿನದು 52, ಬಲಗಾಲಿನದು 48. ಹುಡುಗ ಚಿಕ್ಕಂದಿನಲ್ಲಿ ಮಾಳಿಗೆಯಿಂದ ಬಿದ್ದು ಬಲಗಾಲಿನ ಹರಡು ಮುರಿದುಕೊಂಡಿದ್ದ. ಆ ನೋವನ್ನು ನಾವೆಲ್ಲ ಮರೆತಿದ್ದೆವು, ಕಾಲು ಮರೆತಿರಲಿಲ್ಲ.

ಲೆಕ್ಕ ನೋಡಿ. 52ನ್ನು ಎರಡರಿಂದ ಗುಣಿಸಿದರೆ 104. ಅಲ್ಲಿಗೆ ನೂರಕ್ಕೆ ನಾಲ್ಕು ಹೆಚ್ಚಾಯಿತು. ಆದರೆ ವ್ಯತ್ಯಾಸ ಇದ್ದದ್ದು ಒಂಬತ್ತಕ್ಕೂ ಹೆಚ್ಚು. ಮಿಕ್ಕ ಐದು ಎಲ್ಲಿಂದ ಬಂತು?

ಮೊದಲು ಕಂಪೆನಿಗೆ ಬರೆದೆವು. ‘ಸವಾರಿಗೆ ಮುಂಚೆ ಸೊನ್ನೆ ಹೊಂದಿಸಿ’ ಎಂದು ಉತ್ತರ ಬಂತು. ಅದನ್ನು ಹುಡುಗ ದಿನವೂ ಮಾಡುತ್ತಿದ್ದ. ಸೊನ್ನೆ ಹೊಂದಿಸುವುದು ಬೇಕಾದದ್ದೇ. ಲೋಹ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ನಮ್ಮೂರಿನ ಡಿಸೆಂಬರಿನಲ್ಲಿ ನಸುಕಿನ ಚಳಿಯಲ್ಲಿ ಹೊರಟವನು ಹತ್ತು ಗಂಟೆಗೆ ಸುಡುವ ಬಿಸಿಲಿನಲ್ಲಿರುತ್ತಾನೆ. ಭಾರವೇ ಇಲ್ಲದಿದ್ದರೂ ಪಟ್ಟಿ ಎಳೆದಂತಾಗಿ ಅಂಕಿ ಜಾರುತ್ತದೆ. ಮನೆಯೊಳಗೆ ಬೆಚ್ಚಗಿದ್ದಾಗ ಸೊನ್ನೆ ಹೊಂದಿಸಿ ಹೊರಗೆ ಹೋದರೂ ಅದೇ ಕತೆ. ಸೈಕಲ್ಲನ್ನು ಹೊರಗೆ ನಿಲ್ಲಿಸಿ, ಹವೆಗೆ ಹೊಂದಿಕೊಂಡ ಮೇಲೆ ಸೊನ್ನೆ ಮಾಡಬೇಕು. ಆದರೆ ಇದು ಬರಿ ತಟ್ಟೆ ಒರೆಸಿದಂತೆ. ದಂಡಿಗೆಯ ತೋಳೇ ಉದ್ದವಿದ್ದರೆ ತಟ್ಟೆ ಎಷ್ಟು ಒರೆಸಿದರೇನು?

ಇದನ್ನೆಲ್ಲ ನಾವು ರಾತ್ರಿ ಊಟದ ಹೊತ್ತಿನಲ್ಲಿ ಮಾತಾಡುತ್ತಿದ್ದಾಗ ಅಬ್ಬಾ ಕೇಳುತ್ತ ಕುಳಿತಿದ್ದರು. ವಯಸ್ಸು ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ. ಅವರು ಕೇಳಿದ್ದು ಒಂದೇ ಮಾತು: ‘ಆ ತಕ್ಕಡಿಗೆ ಕಲ್ಲು ಇಟ್ಟು ನೋಡಿದಿರಾ?’

ನಾವು ಮುಖಮುಖ ನೋಡಿಕೊಂಡೆವು. ನಮ್ಮ ಅಂಗಡಿಯ ಮೂಲೆಯಲ್ಲಿ ಇಪ್ಪತ್ತು ಕಿಲೋದ ಬೀಡುಕಬ್ಬಿಣದ ಕಲ್ಲು ಇದೆ. ತಳದ ಕುಳಿಯಲ್ಲಿ ಸೀಸ, ಸೀಸದ ಮೇಲೆ ಇಲಾಖೆಯ ಮುದ್ರೆ. ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೆ ಅದು ಬಾಗಿಲಿಗೆ ಆನಿಕೆಯಾಗಿತ್ತು. ಮುದ್ರೆ ಹಳೆಯದಾದ್ದರಿಂದ ಮೊದಲು ಆ ಕಲ್ಲನ್ನೇ ಈ ವರ್ಷ ಮುದ್ರೆಯಾದ ಕಾಟಾದ ಮೇಲೆ ಇಟ್ಟೆವು. 19 ಕಿಲೋ 980 ಗ್ರಾಂ. ಸವೆದಿದ್ದು ಸಾವಿರಕ್ಕೆ ಒಂದರಷ್ಟು. ನಮ್ಮ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ.

ಸೈಕಲ್ಲಿನ ಹಿಂದಿನ ಬ್ರೇಕನ್ನು ಬಿಗಿಯಾಗಿ ಕಟ್ಟಿ, ಎಡ ಕ್ರ್ಯಾಂಕನ್ನು ಮುಂದಕ್ಕೆ ನೆಲಕ್ಕೆ ಸಮನಾಗಿ ನಿಲ್ಲಿಸಿದೆವು. ಗೌಂಡಿಯ ರಸಮಟ್ಟ ಇಟ್ಟು ನೋಡಿದೆವು. ಐದು ಡಿಗ್ರಿ ಓರೆಯಾದರೂ ತಪ್ಪು ನೂರಕ್ಕೆ ಅರ್ಧಕ್ಕಿಂತ ಕಡಿಮೆ, ಆದರೂ ಓರೆ ಯಾಕಿರಬೇಕು? ಚೀಲ ಹೊಲಿಯುವ ಗಟ್ಟಿ ಹುರಿಯಿಂದ ಕಲ್ಲನ್ನು ಪೆಡಲಿಗೆ ತೂಗುಹಾಕಿದೆವು. ಕ್ರ್ಯಾಂಕಿನ ಉದ್ದ 170 ಮಿಲಿಮೀಟರ್. 20ನ್ನು 9.8ರಿಂದ, ಅದನ್ನು 0.17ರಿಂದ ಗುಣಿಸಿದರೆ 33.3 ನ್ಯೂಟನ್ ಮೀಟರ್ ಬರಬೇಕು. ಫೋನಿನಲ್ಲಿ 35 ಬಂತು. ಕಲ್ಲು ಇಳಿಸಿ ಸೊನ್ನೆ ನೋಡಿದೆವು, ಸರಿಯಿದೆ. ಮತ್ತೆ ತೂಗುಹಾಕಿದೆವು, ಮತ್ತೆ 35. ನೂರಕ್ಕೆ ಐದು! ಸಿಕ್ಕಿಬಿಟ್ಟಿತು. ನಾಲ್ಕು ಮತ್ತು ಐದು ಸೇರಿ 250 ಎಂಬುದು 273 ಆಗಿತ್ತು.

ತರಬೇತುದಾರರ ಪೆಡಲುಗಳಿಗೂ ಅದೇ ಕಲ್ಲು ಕಟ್ಟಿದೆವು. ಅವರು ಬೇಸರಪಡಲಿಲ್ಲ. ಎಡಕ್ಕೂ ಬಲಕ್ಕೂ 33ರ ಆಸುಪಾಸಿನಲ್ಲೇ ಬಂತು. ತಪ್ಪು ಹಿಡಿಯುವ ತಕ್ಕಡಿಯನ್ನೂ ತೂಗಿಯೇ ನಂಬಬೇಕಲ್ಲವೇ?

ಆಮೇಲೆ ಓದುತ್ತ ಹೋದಂತೆ ಈ ಯಂತ್ರಗಳ ತೊಡಕು ಎಷ್ಟಿದೆ ಎಂದು ತಿಳಿಯಿತು. ಕ್ರ್ಯಾಂಕಿನ ಉದ್ದ 170 ಇದ್ದು ಯಂತ್ರದಲ್ಲಿ 172.5 ಎಂದು ನಮೂದಾಗಿದ್ದರೆ ಅಲ್ಲಿಯೇ ನೂರಕ್ಕೆ ಒಂದೂವರೆ ತಪ್ಪು. ಮೊಟ್ಟೆಯಾಕಾರದ ಹಲ್ಲುಚಕ್ರ ಹಾಕಿದರೆ ಒಂದೇ ಸುತ್ತಿನಲ್ಲಿ ಕಾಲಿನ ವೇಗ ಹೆಚ್ಚುಕಡಿಮೆಯಾಗುತ್ತದೆ. ಸುತ್ತಿಗೊಂದು ಸರಾಸರಿ ವೇಗ ಹಿಡಿಯುವ ಮಾಪಕ ಅದನ್ನು ಗಮನಿಸದೆ ಇಲ್ಲದ ಶಕ್ತಿಯನ್ನು ತೋರಿಸುತ್ತದೆ. ಬಲಗಡೆಯ ಕ್ರ್ಯಾಂಕ್ ಇನ್ನೂ ಕಷ್ಟ. ಅಲ್ಲಿ ಸರಪಳಿ ಎಳೆಯುವ ಬಲವೂ ಸೇರಿಕೊಳ್ಳುವುದರಿಂದ ತೋಳು ನೇರವಾಗಿ ಬಾಗದೆ ತಿರುಚಿಕೊಳ್ಳುತ್ತದೆ. ಎರಡು ತುಂಡುಗಳನ್ನು ಅಂಟಿಸಿ ಒಳಗೆ ಪೊಳ್ಳಾಗಿ ಮಾಡಿದ ಕ್ರ್ಯಾಂಕಾದರಂತೂ ಬಲ ಯಾವ ದಾರಿಯಲ್ಲಿ ಹರಿಯಿತೆಂದು ಪಟ್ಟಿಗೆ ಗೊತ್ತಾಗುವುದೇ ಕಷ್ಟ. ಜಪಾನಿನ ಶಿಮಾನೋ ಕಂಪೆನಿ ಆರ್9100-ಪಿ ಎಂಬ ದುಬಾರಿ ಮಾಪಕವನ್ನು ಮಾರುಕಟ್ಟೆಗೆ ತಂದಾಗ, ಅದನ್ನು ಬೇರೆ ಮಾಪಕಗಳ ಪಕ್ಕದಲ್ಲಿಟ್ಟು ಪರೀಕ್ಷಿಸಿದ ವಿಮರ್ಶಕರು ಬಲಗಡೆಯ ಅಂಕಿ ನಂಬುವಂತಿಲ್ಲ ಎಂದು ದಾಖಲೆ ಸಹಿತ ಬರೆದರು. ಜಗತ್ತಿನ ದೊಡ್ಡ ಕಂಪೆನಿಗೇ ಇದು ಸುಲಭವಾಗಿರಲಿಲ್ಲ.

ಇನ್ನು ಕಂಪೆನಿಗಳು ಪೆಟ್ಟಿಗೆಯ ಮೇಲೆ ಬರೆಯುವ ‘ನೂರಕ್ಕೆ ಎರಡರೊಳಗೆ’ ಎಂಬ ಮಾತಿದೆ. ಅದು ನಿಜವೇ ಆದರೂ 250 ವಾಟ್ ಎಂಬುದು 245 ಇರಬಹುದು, 255 ಇರಬಹುದು. ಎರಡು ಒಳ್ಳೆಯ ಮಾಪಕಗಳೇ ಹತ್ತು ವಾಟ್ ಜಗಳವಾಡಬಹುದು. ಎಡಗಾಲನ್ನಷ್ಟೇ ಅಳೆಯುವ ಮಾಪಕದಲ್ಲಿ ಆ ಭರವಸೆ ಎಡಗಾಲಿಗೆ ಮಾತ್ರ ಸಲ್ಲುತ್ತದೆ. ಅಳೆಯದೆ ಬಿಟ್ಟ ಬಲಗಾಲಿಗೆ ಭರವಸೆ ಕೊಡುವವರು ಯಾರು?

ತಪ್ಪು ಮಾಪಕದಿಂದ ಉಪಯೋಗವೇ ಇಲ್ಲವೆಂದು ನಾವು ಹೇಳುವುದಿಲ್ಲ. ಮನೆಯ ಪಾವಿನಿಂದ ಮನೆಯ ಅಕ್ಕಿ ಅಳೆದರೆ ಪಾವು ಸಣ್ಣದಿದ್ದರೂ ಅನ್ನ ಸರಿಯಾಗಿಯೇ ಆಗುತ್ತದೆ. ತಪ್ಪು ದಿನವೂ ಅಷ್ಟೇ ಇದ್ದರೆ, ನಿನ್ನೆಯ ತನ್ನನ್ನು ಇಂದಿನ ತನ್ನೊಡನೆ ಹೋಲಿಸಲು ಅದು ಸಾಕು. ತೊಂದರೆ ಶುರುವಾಗುವುದು ನಮ್ಮ ಪಾವನ್ನು ಹೊತ್ತು ಸಂತೆಗೆ ಹೋದಾಗ. ಮೇಲಾಗಿ ಎರಡು ಕಾಲಿನ ಹಂಚಿಕೆ ದಿನವೂ ಒಂದೇ ಇರುವುದಿಲ್ಲ. ದಣಿದಾಗ ಒಂದು, ಏರಿನಲ್ಲಿ ಒಂದು, ನೋವಿದ್ದಾಗ ಇನ್ನೊಂದು. ಹುಡುಗನ ಬಲಗಾಲು ದಣಿದು ಸೋತ ದಿನ ಎಡಗಾಲು ಹೆಚ್ಚು ದುಡಿದು, ಯಂತ್ರ ಅವನನ್ನು ಇನ್ನಷ್ಟು ಹೊಗಳುತ್ತಿತ್ತು.

ತೂಕ ಮತ್ತು ಅಳತೆಯ ಬಗ್ಗೆ ಪವಿತ್ರ ಕುರ್‌ಆನಿನಲ್ಲಿ ಮತ್ತೆಮತ್ತೆ ಎಚ್ಚರಿಕೆ ಇದೆ. ಅಲ್ ಮುತಫ್ಫಿಫೀನ್ ಅಧ್ಯಾಯ ಶುರುವಾಗುವುದೇ ತೂಕದಲ್ಲಿ ವಂಚಿಸುವವರ ಮಾತಿನಿಂದ. ಅರ್‍ರಹ್ಮಾನ್ ಅಧ್ಯಾಯದಲ್ಲಿ ಆಕಾಶವನ್ನು ಎತ್ತರಿಸಿದ ಮಾತಿನ ಜೊತೆಯಲ್ಲೇ ತಕ್ಕಡಿಯ ಮಾತೂ ಬರುತ್ತದೆ. ಮರ್ವ್ ನಗರದ ವಿದ್ವಾಂಸ ಅಲ್ ಖಾಝಿನಿ ಹನ್ನೆರಡನೆಯ ಶತಮಾನದ ಆರಂಭದಲ್ಲಿ ತಕ್ಕಡಿಯ ಶಾಸ್ತ್ರದ ಮೇಲೆಯೇ ‘ಮೀಝಾನುಲ್ ಹಿಕ್ಮಃ’ ಎಂಬ ದೊಡ್ಡ ಗ್ರಂಥ ಬರೆದ. ಮುಸ್ಲಿಮ್ ನಗರಗಳ ಸಂತೆಗಳಲ್ಲಿ ತೂಕದ ಕಲ್ಲುಗಳನ್ನು ಪರೀಕ್ಷಿಸಲು ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ. ನಮ್ಮ ದೇಶದಲ್ಲಿ ಇಂದು ಕಾನೂನು ಮಾಪನಶಾಸ್ತ್ರ ಇಲಾಖೆ ಮಾಡುವ ಕೆಲಸವೂ ಅದೇ. ಆ ಮುದ್ರೆಯ ಸರಪಳಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿರುವ 57ನೇ ಸಂಖ್ಯೆಯ ಪ್ಲಾಟಿನಮ್ ಇರಿಡಿಯಮ್ ಕಿಲೋಗ್ರಾಂವರೆಗೆ ಹೋಗುತ್ತದೆ. ಅಂಗಡಿಯ ಕಾಟಾಕ್ಕೆ ಇಷ್ಟೆಲ್ಲ ಕಾವಲಿದೆ. ಹುಡುಗರ ಭವಿಷ್ಯವನ್ನು ತೂಗುವ ಈ ಕ್ರ್ಯಾಂಕಿನ ಮೇಲೆ ಮುದ್ರೆ ಹಾಕುವವರು ಯಾರೂ ಇಲ್ಲ.

ಆದರೆ ಕೆಟ್ಟ ತಕ್ಕಡಿ ಎಂದರೆ ಕಡಿಮೆ ತೂಗಿ ಇನ್ನೊಬ್ಬರಿಗೆ ವಂಚಿಸುವುದು ಎಂದಷ್ಟೇ ನಾವು ತಿಳಿದಿದ್ದೆವು. ಈ ತಕ್ಕಡಿ ನಮ್ಮನ್ನೇ ಹೆಚ್ಚಾಗಿ ತೂಗುತ್ತಿತ್ತು. ಕಡಿಮೆ ತೂಗಿದ್ದರೆ ಮೊದಲ ದಿನವೇ ಗಲಾಟೆ ಮಾಡುತ್ತಿದ್ದೆವು, ಕಂಪೆನಿಗೆ ಹತ್ತು ಪತ್ರ ಬರೆಯುತ್ತಿದ್ದೆವು. ಹೆಚ್ಚು ತೂಗಿದ್ದರಿಂದ ಒಂದು ವರ್ಷ ಸುಮ್ಮನಿದ್ದೆವು. ನಮ್ಮ ಪ್ರಾಮಾಣಿಕತೆ ಯಾವ ತೋಳಿನ ಕಡೆ ವಾಲಿದೆ ಎಂಬುದು ನಮಗೆ ಅಲ್ಲಿ ಕಂಡಿತು.

ಚಕ್ರ ಕೊಡಿಸಿದ ಹಿರಿಯರ ಬಳಿ ಹೋಗಿ ಹೇಳಿದೆವು, ‘ಆ ನಾಲ್ಕೂವರೆ ಸುಳ್ಳಾಗಿತ್ತು, ನಿಜವಾದದ್ದು ನಾಲ್ಕರ ಮೇಲೆ ಚೂರು.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಚಕ್ರ ಇಟ್ಟುಕೊಳ್ಳಲಿ’ ಎಂದರು. ಚಹಾ ತರಿಸಿದರು. ಆದರೆ ಮುಂಚಿನ ಉತ್ಸಾಹ ಅವರ ದನಿಯಲ್ಲಿ ಇರಲಿಲ್ಲ. ಅದಕ್ಕೆ ಅವರನ್ನು ದೂರುವ ಹಾಗಿಲ್ಲ.

ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಎರಡೂ ಕಾಲು ಅಳೆಯುವ ಮಾಪಕಕ್ಕೆ ದುಡ್ಡು ಹೊಂದಿಸಲು ಹಳೆಯದನ್ನು ಮಾರಲು ಹೊರಟೆವು. ಹದಿನಾಲ್ಕು ಸಾವಿರಕ್ಕೆ ಕೊಳ್ಳಲು ಹಳ್ಳಿಯ ರೈತರೊಬ್ಬರು ಮಗನನ್ನು ಕರೆದುಕೊಂಡು ಬಂದರು. ತೊಗರಿ ಮಾರಿದ ದುಡ್ಡು ಪಂಚೆಯ ಅಂಚಿನಲ್ಲಿ ಕಟ್ಟಿತ್ತು. ಹಿಂದಿನ ರಾತ್ರಿ ನಾವು ಮಾತಾಡಿಕೊಂಡಿದ್ದೆವು. ಹೇಳಬೇಕೇ? ಫೋನಿನಲ್ಲಿ ಎಲ್ಲವೂ ಹಸಿರಾಗಿಯೇ ಕಾಣುತ್ತದೆ. ಕಂಪೆನಿಯೇ ತಪ್ಪು ಒಪ್ಪಿಲ್ಲ. ಕಲ್ಲು ಕಟ್ಟಿ ನೋಡುವವರು ಸಾವಿರಕ್ಕೊಬ್ಬರು. ನಾವು ಹೀಗೆಲ್ಲ ಯೋಚಿಸಿದ್ದು ನಿಜ, ಮುಚ್ಚಿಡುವುದಿಲ್ಲ. ಪ್ರವಾದಿ(ಸ)ಯವರು ಮದೀನಾದ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿನ ಒದ್ದೆಯನ್ನು ಬೆರಳಿನಿಂದ ಕಂಡುಹಿಡಿದ ಹದೀಸ್ ನಮ್ಮ ಅಂಗಡಿಯವರಿಗೆಲ್ಲ ಗೊತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಯನ್ನು, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಅವರು ಕೇಳಿದ್ದರು. ಒದ್ದೆ ಮಾಡಿದ್ದು ಮಳೆಯೇ, ವ್ಯಾಪಾರಿಯಲ್ಲ. ನಮ್ಮ ಮಾಪಕವನ್ನು ಕೆಡಿಸಿದ್ದೂ ನಾವಲ್ಲ. ಆದರೆ ಒದ್ದೆ ಇರುವುದು ನಮಗೆ ಗೊತ್ತಿತ್ತು.

ಅವರ ಮುಂದೆಯೇ ಕಲ್ಲು ಕಟ್ಟಿ ತೋರಿಸಿದೆವು. 33ರ ಜಾಗದಲ್ಲಿ 35. ಎಡಗಾಲಿನ ಲೆಕ್ಕವನ್ನೂ ಹೇಳಿದೆವು. ಬೇಕಾದರೆ ಎಂಟು ಸಾವಿರಕ್ಕೆ ಕೊಡುತ್ತೇವೆ ಎಂದೆವು. ರೈತರು ಕಲ್ಲನ್ನೂ ಫೋನನ್ನೂ ನೋಡಿ ಹೇಳಿದರು: ‘ಸಾಹೇಬ್ರ, ನೀವು ಖರೇ ಹೇಳಿದ್ರಿ, ಭಾಳ ಛಲೋ ಆತು. ಆದ್ರ ಹೆಚ್ಚು ತೋರ್ಸೂದು ನನ್ನ ಮಗಗ ಬ್ಯಾಡ್ರಿ. ಅಂವಾ ಮೊದ್ಲ ತನ್ನನ್ನ ತಾನ ಭಾಳ ತಿಳ್ಕೊಂಡಾನ.’ ಮಗ ತಲೆ ತಗ್ಗಿಸಿ ನಕ್ಕ. ನಮ್ಮ ಹುಡುಗನೂ ನಕ್ಕ. ಎರಡು ಕಿಲೋ ಕಡಲೆಬೇಳೆ ತೂಗಿಸಿಕೊಂಡು ಅವರು ಹೊರಟುಹೋದರು.

ಮಾಪಕ ಮಾರಾಟವಾಗಲಿಲ್ಲ. ಇನ್ನೂ ನಮ್ಮ ಗಲ್ಲೆಯ ಕೆಳಗಿನ ಖಾನೆಯಲ್ಲಿದೆ. ಹೊಸದನ್ನು ಕೊಳ್ಳಲು ಮತ್ತೊಂದು ವರ್ಷ ಬೇಕಾಯಿತು. ಆ ವರ್ಷವೆಲ್ಲ ಹುಡುಗ ಗಡಿಯಾರ ನೋಡಿಯೇ ತುಳಿದ. ಬಲಗಾಲಿಗೆ ಬೇರೆ ವ್ಯಾಯಾಮ ಮಾಡಿದ. ಈಗ ಅವನ ಹಂಚಿಕೆ 51ಕ್ಕೆ 49 ಬರುತ್ತದೆ. ಹೊಸ ಮಾಪಕ ಬಂದ ದಿನ ಪೆಟ್ಟಿಗೆ ಬಿಚ್ಚಿ ಅವನು ಮೊದಲು ಮಾಡಿದ್ದು ಬಾಗಿಲ ಬಳಿ ಹೋಗಿ ಆ ಕಲ್ಲನ್ನು ಎತ್ತಿಕೊಂಡು ಬಂದದ್ದು. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಕಟ್ಟಿ, ಬಂದ ಅಂಕಿಗಳನ್ನು ತಾರೀಕು ಸಹಿತ ನಮ್ಮ ಉದ್ರಿ ಖಾತೆಯ ಕೊನೆಯ ಹಾಳೆಯಲ್ಲಿ ಬರೆದಿಟ್ಟ. ಪ್ರತಿ ತಿಂಗಳೂ ಬರೆಯುತ್ತಾನೆ. ಅಬ್ಬಾ ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ನೋಡುತ್ತಾರೆ. ವಾಟ್ ಎಂದರೇನೆಂದು ಅವರು ಇಂದಿಗೂ ಕೇಳಿಲ್ಲ.